ಡಿಗ್ರಿ ಇಲ್ಲದ ಮೇಡಂ: ಬಾಲಸರಸ್ವತಿ ವಿಶ್ವವಿದ್ಯಾಲಯಕ್ಕೆ ಹೋದ ದಾರಿ

ನಾಟಕ, ನೃತ್ಯ, ಸಂಗೀತ, ಕತೆ-ಕವಿತೆ ಬರೆಯೋದನ್ನ ಕಾಲೇಜಿನಲ್ಲಿ ಓದ್ತೀನಿ ಅಂದ ಕೂಡಲೇ ಮನೆಯಲ್ಲಿ ಬರುವ ಪ್ರಶ್ನೆ ಒಂದೇ: ಅದರಿಂದ ಕೆಲಸ ಸಿಗುತ್ತಾ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ಅಷ್ಟಾಗಿ ಕೇಳಿಕೊಳ್ಳದ ಇನ್ನೊಂದು ಪ್ರಶ್ನೆಯೂ ಇದೆ. ಒಂದು ಕಲೆ ಕಾಲೇಜಿನ ಒಳಗೆ ಬಂದಾಗ, ಅಲ್ಲಿವರೆಗೆ ಅದನ್ನು ಹೊತ್ತುಕೊಂಡು ಬಂದವರೂ ಒಳಗೆ ಬಂದರಾ? ಅಥವಾ ಕಲೆಯನ್ನು ಒಳಗೆ ಬಿಟ್ಟುಕೊಂಡು ಅವರನ್ನು ಗೇಟಿನ ಹೊರಗೇ ನಿಲ್ಲಿಸಲಾಯಿತಾ?

ನೃತ್ಯಗಾತಿ ಟಿ. ಬಾಲಸರಸ್ವತಿ ತೀರಿಕೊಂಡು ನಾಲ್ಕು ದಶಕ ದಾಟಿದೆ. ಈ ಪ್ರಶ್ನೆಗೆ ಅವರ ಬದುಕಿನಲ್ಲಿ ಸಿಗುವಷ್ಟು ನೇರವಾದ ಉತ್ತರ ಬೇರೆ ಕಡೆ ಸಿಗೋದು ಕಷ್ಟ.

ಬಾಲಸರಸ್ವತಿ ಹುಟ್ಟಿದ್ದು 1918ರ ಮೇ 13ರಂದು, ಮದ್ರಾಸಿನಲ್ಲಿ. ಅಜ್ಜಿ ವೀಣಾ ಧನಮ್ಮಾಳ್, ಕರ್ನಾಟಕ ಸಂಗೀತದಲ್ಲಿ ಇವತ್ತಿಗೂ ದೊಡ್ಡ ಹೆಸರು. ತಾಯಿ ಜಯಮ್ಮಾಳ್ ಗಾಯಕಿ. ತಂಜಾವೂರು ಆಸ್ಥಾನದ ಕಾಲದಿಂದ ಹಾಡುತ್ತಾ, ಕುಣಿಯುತ್ತಾ ಬಂದ ದೇವದಾಸಿ ಮನೆತನ ಅದು. ಮನೆಯನ್ನು ನಡೆಸುತ್ತಿದ್ದವರು ಹೆಂಗಸರು, ವಿದ್ಯೆಯೂ ಅವರ ಕೈಯಲ್ಲೇ ಇತ್ತು. ಬೇರೆ ಮನೆಗಳ ಹೆಣ್ಣುಮಕ್ಕಳಿಗೆ ಅಕ್ಷರವೇ ಸಿಗದಿದ್ದ ಕಾಲದಲ್ಲಿ ಇಂಥ ಮನೆಗಳ ಹೆಂಗಸರಿಗೆ ತೆಲುಗು, ತಮಿಳು ಪದಗಳು ಬಾಯಿಪಾಠ, ರಾಗ-ತಾಳ ಕರಗತ.

ಆದರೆ ಬಾಲಾ ಹುಟ್ಟುವ ಹೊತ್ತಿಗೆ ಕುಣಿತಕ್ಕೆ ಕಳಂಕ ಅಂಟಿಯಾಗಿತ್ತು. ಹುಡುಗಿಯನ್ನು ಕುಣಿತಕ್ಕೆ ಹಾಕುವುದು ಸ್ವಂತ ಬಂಧುಗಳಿಗೇ ಇಷ್ಟವಿರಲಿಲ್ಲ. ಮಗಳ ಆಸೆಯ ಪರ ನಿಂತವರು ಜಯಮ್ಮಾಳ್. ಗುರುವಾಗಿ ಸಿಕ್ಕಿದವರು ನಟ್ಟುವನಾರ್ ಕಂದಪ್ಪ ಪಿಳ್ಳೈ. ಇವತ್ತಿನ ಭರತನಾಟ್ಯ ಕಾರ್ಯಕ್ರಮದ ಕ್ರಮವನ್ನು ಕಟ್ಟಿದ ತಂಜಾವೂರು ಸಹೋದರರ ವಂಶದವರು ಅವರು. ಆ ನಾಲ್ವರಲ್ಲಿ ಹಿರಿಯರಾದ ಚಿನ್ನಯ್ಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವರು. ಕಂದಪ್ಪನವರ ಪಾಠ ಬಹಳ ಕಠಿಣ. 1925ರಲ್ಲಿ, ಏಳನೇ ವಯಸ್ಸಿಗೆ, ಕಾಂಚೀಪುರದ ದೇವಿಯ ಗುಡಿಯಲ್ಲಿ ಬಾಲಾ ಮೊದಲ ಸಲ ಕುಣಿದರು.

ಇದಾಗಿ ಎರಡೇ ವರ್ಷಕ್ಕೆ, 1927ರಲ್ಲಿ, ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದ್ರಾಸ್ ಶಾಸನ ಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದರು. ಆಕೆಯ ತಾಯಿಯೂ ಅದೇ ಸಮುದಾಯದವರು. ಹೆಣ್ಣುಮಗುವನ್ನು ದೇವರ ಹೆಸರಲ್ಲಿ ಅರ್ಪಿಸುವುದು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕರ್ನಾಟಕದಲ್ಲಿ 1982ರ ನಿಷೇಧ ಕಾಯ್ದೆಯ ನಂತರವೂ ದಲಿತ ಹೆಣ್ಣುಮಕ್ಕಳ ಮೇಲೆ ಈ ಪದ್ಧತಿ ನಡೆಸಿದ ಕ್ರೌರ್ಯ ಗೊತ್ತಿರುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸಮಸ್ಯೆ ಶುರುವಾಗಿದ್ದು ಬೇರೆ ಕಡೆ. ಪದ್ಧತಿಯನ್ನು ತೆಗೆಯುವ ಹೊತ್ತಿನಲ್ಲೇ, ಅದರೊಳಗಿದ್ದ ಹೆಂಗಸರ ಕೈಯಿಂದ ಅವರ ವಿದ್ಯೆಯನ್ನೂ ತೆಗೆದುಕೊಳ್ಳಲಾಯಿತು. 1947ರ ಮದ್ರಾಸ್ ಕಾಯ್ದೆ ಅರ್ಪಣೆಯನ್ನು ನಿಷೇಧಿಸಿತು, ಜೊತೆಗೆ ದೇವಸ್ಥಾನದಲ್ಲಿ ಹೆಂಗಸರು ಕುಣಿಯುವುದನ್ನೂ ಕಾನೂನುಬಾಹಿರ ಮಾಡಿತು. ಅಷ್ಟರಲ್ಲಿ ಅದೇ ಕುಣಿತ ಸದಿರ್ ಎಂಬ ಹೆಸರು ಕಳಚಿಕೊಂಡು ಭರತನಾಟ್ಯವಾಗಿ ಸಭಾಂಗಣಕ್ಕೆ ಬಂದಾಗಿತ್ತು. 1935ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅಡ್ಯಾರಿನಲ್ಲಿ ಕುಣಿದರು, ಮರುವರ್ಷ ಕಲಾಕ್ಷೇತ್ರ ಶುರುವಾಯಿತು. ಬ್ರಾಹ್ಮಣ ಮನೆಗಳ ಹೆಣ್ಣುಮಕ್ಕಳು ನೃತ್ಯ ಕಲಿಯೋಕೆ ಬಂದರು. ಅವರು ಬಂದಿದ್ದು ತಪ್ಪಲ್ಲ, ಅದಕ್ಕೂ ಧೈರ್ಯ ಬೇಕಿತ್ತು. ಆದರೆ ಹೊಸಬರಿಗೆ ತೆರೆದ ಬಾಗಿಲು ಹಳಬರ ಪಾಲಿಗೆ ಮುಚ್ಚುತ್ತಾ ಹೋಯಿತು.

ಪೂರ್ತಿ ಮುಚ್ಚಿತು ಅಂತಲೂ ಹೇಳೋಕಾಗಲ್ಲ. ಕಲಾಕ್ಷೇತ್ರ ಪಾಠಕ್ಕೆ ಅವಲಂಬಿಸಿದ್ದು ಪಾರಂಪರಿಕ ನಟ್ಟುವನಾರರನ್ನೇ. ಬಾಲಾಗೆ ಎಳವೆಯಲ್ಲೇ ಕುಣಿತದ ಹುಚ್ಚು ಹಿಡಿಸಿದ ಮೈಲಾಪುರ ಗೌರಿ ಅಮ್ಮಾಳ್ ಅಲ್ಲಿ ಅಭಿನಯ ಕಲಿಸಿದರು. ಅಂದರೆ ವಿದ್ಯೆಗಾಗಿ ಈ ಜನ ಬೇಕಿತ್ತು. ವೇದಿಕೆಯ ಮೇಲೆ, ಸಂಸ್ಥೆಯ ಮುಖವಾಗಿ, ಆ ಮನೆಗಳ ಹೆಂಗಸರು ಬೇಡವಾಗಿತ್ತು.

ಈ ಹೊತ್ತಿನಲ್ಲಿ ಬಾಲಸರಸ್ವತಿ ಬಿಡದೆ ಕುಣಿದರು. 1933ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯಲ್ಲಿ ಅವರನ್ನು ನೋಡಿದ ಉದಯಶಂಕರ್ ಬೆರಗಾದರು. ಮರುವರ್ಷ ಕಲ್ಕತ್ತಾದಲ್ಲಿ ಕಾರ್ಯಕ್ರಮ. ಆಮೇಲೆ ಕಷ್ಟದ ವರ್ಷಗಳು ಬಂದವು. 1940ರ ದಶಕದ ಆರಂಭದಲ್ಲಿ ಕಂದಪ್ಪ ತೀರಿಕೊಂಡರು. ಬಾಲಾ ಅವರ ಆರೋಗ್ಯ ಕೆಟ್ಟಿತು, ಕಾರ್ಯಕ್ರಮಗಳು ಕಡಿಮೆಯಾದವು. ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ ಆರ್.ಕೆ. ಷಣ್ಮುಖಂ ಚೆಟ್ಟಿ ಅವರ ಬಾಳಸಂಗಾತಿ. ಅವರೂ 1953ರಲ್ಲಿ ತೀರಿಹೋದರು. ಮಗಳು ಲಕ್ಷ್ಮಿಗೆ ಆಗಿನ್ನೂ ಹತ್ತರ ಆಸುಪಾಸು. ಆ ದಶಕದಲ್ಲಿ ಮ್ಯೂಸಿಕ್ ಅಕಾಡೆಮಿಯ ಆಶ್ರಯದಲ್ಲಿ ಬಾಲಾ ನೃತ್ಯಶಾಲೆ ನಡೆಸಿದರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1957ರಲ್ಲಿ ಪದ್ಮಭೂಷಣ ಬಂದವು.

ರುಕ್ಮಿಣಿದೇವಿಯವರ ಜೊತೆಗಿನ ಅವರ ಭಿನ್ನಾಭಿಪ್ರಾಯವನ್ನು ಇಬ್ಬರು ಕಲಾವಿದೆಯರ ಜಗಳ ಅಂತ ಓದಿದರೆ ವಿಷಯವೇ ಕೈತಪ್ಪುತ್ತೆ. ಅದು ಸಿಲಬಸ್ಸಿನ ಜಗಳ. ನೃತ್ಯವನ್ನು ಶುದ್ಧ ಮಾಡಬೇಕು, ಕಾಮದ ಛಾಯೆ ಇರುವ ಶೃಂಗಾರವನ್ನು ಬದಿಗಿಟ್ಟು ಭಕ್ತಿಯನ್ನು ಮುಂದೆ ತರಬೇಕು ಅನ್ನೋದು ಒಂದು ಕಡೆಯ ವಾದ. ಬಾಲಾ ಒಪ್ಪಲಿಲ್ಲ. ಅವರ ಪ್ರಕಾರ ಶೃಂಗಾರವೇ ಈ ಕಲೆಯ ಜೀವ, ಅದರೊಳಗೇ ಭಕ್ತಿಯೂ ಇದೆ. ಶುದ್ಧವಾಗಿಯೇ ಇದ್ದ ಕಲೆಯನ್ನು ಮತ್ತೆ ಶುದ್ಧ ಮಾಡ್ತೀವಿ ಅನ್ನೋದು ಅವರಿಗೆ ಅವಮಾನವಾಗಿ ಕಂಡಿತು. ಒಂದು ಕಲೆ ಸಂಸ್ಥೆಯೊಳಗೆ ಬರುವಾಗ ಮೊದಲು ಕತ್ತರಿ ಬೀಳೋದು ಯಾವುದರ ಮೇಲೆ ಅಂತ ಗಮನಿಸಿ. ಇಲ್ಲಿ ಬಿದ್ದಿದ್ದು ಹೆಣ್ಣು ತನ್ನ ಆಸೆಯನ್ನು, ಕೋಪವನ್ನು, ವ್ಯಂಗ್ಯವನ್ನು ತಾನೇ ಹೇಳಿಕೊಳ್ಳುವ ಪದಗಳ ಮೇಲೆ. ಕ್ಷೇತ್ರಯ್ಯನ ಪದಗಳಂಥವು.

ಪದಕ್ಕೆ ಅಭಿನಯ ಮಾಡುವಾಗ ಬಾಲಾ ಮಾಡುತ್ತಿದ್ದುದನ್ನು ಇವತ್ತಿನ ಭಾಷೆಯಲ್ಲಿ ಸೃಜನಶೀಲ ಬರವಣಿಗೆ ಅಂದರೂ ತಪ್ಪಿಲ್ಲ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಪ್ರತಿ ಸಲವೂ ಅವರ ಮುಖ, ಕೈ, ಕಣ್ಣು ಅದಕ್ಕೆ ಬೇರೆ ಅರ್ಥ ಬರೆಯುತ್ತವೆ. ಇದಕ್ಕೆ ಮನೋಧರ್ಮ ಅಂತ ಹೆಸರು. ಹಾಡಿನ ಭಾಷೆ, ರಾಗ, ಎದುರಿಗಿರುವ ನಾಯಕ ಎಂಥವನು ಅನ್ನೋದು ಎಲ್ಲವೂ ಗೊತ್ತಿದ್ದರೆ ಮಾತ್ರ ಇದು ಸಾಧ್ಯ. ವ್ಯಾಸರಾಯರದ್ದು ಎನ್ನಲಾಗುವ, ಪುಟ್ಟ ಕೃಷ್ಣನನ್ನು ಕರೆಯುವ ಕನ್ನಡ ದೇವರನಾಮವೊಂದು ಹೀಗೇ ಅವರ ಹೆಸರಿನ ಜೊತೆ ಸೇರಿಹೋಯಿತು. ಸತ್ಯಜಿತ್ ರಾಯ್ 1976ರಲ್ಲಿ ಮಾಡಿದ ಸಾಕ್ಷ್ಯಚಿತ್ರ 'ಬಾಲಾ'ದಲ್ಲಿ ಅವರು ಸಮುದ್ರದ ದಂಡೆಯಲ್ಲಿ ಅದಕ್ಕೆ ಅಭಿನಯಿಸುವುದನ್ನು ಇವತ್ತೂ ನೋಡಬಹುದು.

ಇನ್ನು ವಿಶ್ವವಿದ್ಯಾಲಯದ ಕತೆ. 1961ರಲ್ಲಿ ಟೋಕಿಯೊದಲ್ಲಿ ನಡೆದ ಪೂರ್ವ-ಪಶ್ಚಿಮ ಸಮ್ಮೇಳನದಲ್ಲಿ ಬಾಲಾ ಕುಣಿದರು. 1962ರಲ್ಲಿ ಅಮೆರಿಕ ಪ್ರವಾಸ ಮಾಡಿದರು. ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೌನ್ ಎಂಬ ಸಂಗೀತ ವಿದ್ವಾಂಸ ಬೇರೆ ಬೇರೆ ದೇಶಗಳ ಸಂಗೀತವನ್ನು ಪುಸ್ತಕದಿಂದ ಅಲ್ಲ, ಆಯಾ ಕಲಾವಿದರಿಂದಲೇ ಕಲಿಸುವ ಕೋರ್ಸ್ ಕಟ್ಟುತ್ತಿದ್ದರು. ಅವರೇ ಬಾಲಾರ ತಮ್ಮ ಟಿ. ರಂಗನಾಥನ್ ಹತ್ತಿರ ಮೃದಂಗ ಕಲಿತವರು. ರಂಗನಾಥನ್ ವೆಸ್ಲಿಯನ್‌ನಲ್ಲಿ ಮೇಷ್ಟ್ರಾದರು. ಇನ್ನೊಬ್ಬ ತಮ್ಮ, ಕೊಳಲು ವಿದ್ವಾಂಸ ಟಿ. ವಿಶ್ವನಾಥನ್, ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಅಲ್ಲೇ ಕಲಿಸಿದರು. ವಿದ್ಯಾರ್ಥಿಯಾಗಿ ಕಾಲೇಜು ಮೆಟ್ಟಿಲು ಹತ್ತದ ಬಾಲಾ, ವೆಸ್ಲಿಯನ್ ಮತ್ತು ಕ್ಯಾಲಿಫೋರ್ನಿಯಾದ ಕಲಾ ಸಂಸ್ಥೆಗಳೂ ಸೇರಿದಂತೆ ಹಲವು ಕಡೆ ಪಾಠ ಮಾಡಿದರು.

ತಮ್ಮ ಊರಿನ ಸಭ್ಯಸ್ಥರ ಕಣ್ಣಿಗೆ ಮುಜುಗರವಾಗಿದ್ದ ಮನೆತನ, ಸಾವಿರಾರು ಮೈಲಿ ದೂರದ ವಿಶ್ವವಿದ್ಯಾಲಯದಲ್ಲಿ ಗುರುಮನೆಯಾಯಿತು. ಇದನ್ನು ಅಮೆರಿಕದ ಔದಾರ್ಯ ಅಂತ ಹಾಡಿ ಹೊಗಳಬೇಕಿಲ್ಲ. 1960ರ ದಶಕದಲ್ಲಿ ಅಲ್ಲಿನ ಕಪ್ಪು ಜನ ಅದೇ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ಹೋರಾಡುತ್ತಿದ್ದರು. ಆದರೂ ಒಂದು ಮಾತು ನಿಜ: ಬಾಲಾರ ಕುಲದ ಕತೆ ಅಲ್ಲಿ ಅವರ ಪಾಠಕ್ಕೆ ಅಡ್ಡ ಬರಲಿಲ್ಲ.

ಇನ್ನೂ ಮುಖ್ಯವಾದದ್ದು ಬಾಲಾ ಅಲ್ಲಿ ಮಾಡಿದ ಕೆಲಸ. ಶುದ್ಧ ಸಂಪ್ರದಾಯವಾದಿ ಎನಿಸಿಕೊಂಡಿದ್ದ ಆಕೆ, ತಮಿಳು-ತೆಲುಗು ಗೊತ್ತಿಲ್ಲದ, ಜಾತಿ-ಕುಲದ ಲೆಕ್ಕಕ್ಕೇ ಸಿಗದ ಹುಡುಗ ಹುಡುಗಿಯರಿಗೆ ಮನೆಯ ವಿದ್ಯೆಯನ್ನು ಹೇಳಿಕೊಟ್ಟರು. ಕಲೆ ರಕ್ತದಲ್ಲಿ ಹರಿಯುತ್ತೆ ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ? ಬದಲಾಗಬಾರದು ಅಂತ ಅವರು ಹಟ ಹಿಡಿದಿದ್ದು ವಿದ್ಯೆಯ ವಿಷಯದಲ್ಲಿ. ಕಲಿಯುವವರು ಯಾರು ಅನ್ನೋದರಲ್ಲಿ ಆ ಹಟ ಇರಲಿಲ್ಲ.

ಮದ್ರಾಸ್ ಕೂಡ ಕೊನೆಗೆ ಒಪ್ಪಿತು. 1973ರಲ್ಲಿ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ನೀಡಿತು. ಸಂಗೀತಗಾರರಿಗೆ ಮೀಸಲಾದ ಆ ಗೌರವ ನೃತ್ಯಗಾತಿಗೆ ಸಿಕ್ಕಿದ್ದು ಅದೇ ಮೊದಲು. 1977ರಲ್ಲಿ ಪದ್ಮವಿಭೂಷಣ ಬಂತು. 1984ರ ಫೆಬ್ರವರಿ 9ರಂದು ಅವರು ಮದ್ರಾಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ದೇಶದ ತುಂಬ ಭರತನಾಟ್ಯದ ಕ್ಲಾಸುಗಳಿದ್ದವು. ಅವರ ಸಮುದಾಯದ ಹೆಣ್ಣುಮಕ್ಕಳನ್ನು ಆ ಕ್ಲಾಸುಗಳಲ್ಲಿ ಹುಡುಕಬೇಕಿತ್ತು.

ನಮ್ಮಲ್ಲೂ ಒಂದು ಉದಾಹರಣೆ ಇದೆ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ಶುರು ಮಾಡಿದಾಗ ಅದರ ಮೊದಲ ರೀಡರ್ ಆದವರು ಕೆ. ವೆಂಕಟಲಕ್ಷಮ್ಮ. ಕಡೂರು ಕಡೆಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು, ಜಟ್ಟಿ ತಾಯಮ್ಮನವರ ಶಿಷ್ಯೆ, ಅರಮನೆಯ ಆಸ್ಥಾನ ವಿದುಷಿ. ಅವರ ಅರ್ಹತೆ ಇದ್ದದ್ದು ಅಭಿನಯದಲ್ಲಿ, ಮತ್ತು ವಿಶ್ವವಿದ್ಯಾಲಯ ಅದನ್ನು ಗುರುತಿಸಿತು. ಅಂದರೆ ನಮ್ಮ ಸಂಸ್ಥೆಗಳಿಗೆ ಇದು ಅಸಾಧ್ಯವೇನಲ್ಲ.

ಇವತ್ತು ಎಂಎ, ನೆಟ್, ಪಿಎಚ್‌ಡಿ ಇಲ್ಲದವರಿಗೆ ಪಾಠದ ಕೆಲಸ ಸಿಗೋದು ಕಷ್ಟ. ನಿಯಮ ಬೇಡ ಅನ್ನೋಕಾಗಲ್ಲ, ನಿಯಮ ಇಲ್ಲದ ಕಡೆ ವಶೀಲಿ ನುಗ್ಗುತ್ತೆ. ಹಾಗಂತ ಹಳೆಯ ಗುರುಮನೆಗೆ ವಾಪಸ್ ಹೋಗೋಣ ಅನ್ನೋದೂ ಉತ್ತರವಲ್ಲ. ಆ ಮನೆಯ ಬಾಗಿಲು ಹುಟ್ಟು ನೋಡಿ ತೆರೆಯುತ್ತಿತ್ತು. ಎಲ್ಲರಿಗೂ ತೆರೆಯುವುದಾಗಿ ಮಾತು ಕೊಟ್ಟಿದ್ದು ಕಾಲೇಜು, ಆ ಮಾತನ್ನು ಕೇಳಿ ವಸೂಲಿ ಮಾಡಬೇಕಾದವರು ಅಲ್ಲಿ ಓದುವವರು. ಜಾನಪದದ ಪೇಪರ್ ಇದ್ದರೆ ಜೋಗತಿಯೊಬ್ಬರು ತರಗತಿಗೆ ಮೇಷ್ಟ್ರಾಗಿ ಬರ್ತಾರಾ, ಅಥವಾ ವಾರ್ಷಿಕೋತ್ಸವದ ದಿನ ಶಾಲು ಹೊದಿಸಿ ಕಳಿಸ್ತೀರಾ? ಅವರಿಗೆ ಸಂಬಳ ಇದೆಯಾ? ಅವರ ಮಕ್ಕಳಿಗೆ ಅದೇ ವಿಭಾಗದಲ್ಲಿ ಸೀಟು ಸಿಗುತ್ತಾ? ಮುಜುಗರ ಅಂತ ಸಿಲಬಸ್ಸಿನಿಂದ ಬಿಟ್ಟ ಹಾಡುಗಳು ಯಾವುವು, ಬಿಟ್ಟವರು ಯಾರು?

ರಂಗಭೂಮಿ, ನೃತ್ಯ, ಬರವಣಿಗೆಯ ಕೋರ್ಸಿಗೆ ಅರ್ಜಿ ಹಾಕುವವರು ಫೀಸು, ಪ್ಲೇಸ್‌ಮೆಂಟ್ ಕೇಳುವ ಹೊತ್ತಿನಲ್ಲಿ ಇವನ್ನೂ ಕೇಳಿಬಿಡಿ.