ಕೊಡಗಿನ ರಾಜಕುವರಿ ವಿಕ್ಟೋರಿಯಾ ಗೌರಮ್ಮ

ಚಿಕ್ಕಜಾಲದ ಹಳೆಯ ಕೋಟೆಯ ಬಳಿ ಹಾದುಹೋಗುವ ಬಳ್ಳಾರಿ ರಸ್ತೆಯಲ್ಲಿ ಇಂದು ವಿಮಾನ ನಿಲ್ದಾಣದ ಕಡೆಗೆ ಧಾವಿಸುವ ವಾಹನಗಳಿಗೆ ಲೆಕ್ಕವಿಲ್ಲ. ಮದುವೆಯಾಗಿ ಪರದೇಶದಲ್ಲಿ ಸಂಸಾರ ಹೂಡಲು ಹೊರಟ ನಮ್ಮ ಹೆಣ್ಣುಮಕ್ಕಳೂ ಅವುಗಳಲ್ಲಿ ಇರುತ್ತಾರೆ. ಅವರಿಗೆ ತವರಿಗೆ ಮರಳುವ ದಾರಿಯಿದೆ. ಆ ದಾರಿಯೇ ಇಲ್ಲದೆ ಕಡಲಾಚೆ ಬಾಳಿದ ಒಬ್ಬ ಕನ್ನಡ ರಾಜವಂಶದ ಹೆಣ್ಣುಮಗಳನ್ನು ಈ ವಾರ ನೆನೆಯೋಣ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವು ಕೊಡಗನ್ನು ಗೆದ್ದು, ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಮಾಸ್ತಿಯವರ ಕಾದಂಬರಿಯ ಮೂಲಕ ಈ ಅರಸನನ್ನು ಬಲ್ಲ ವಾಚಕರು ಅನೇಕರಿದ್ದಾರೆ. ಆತನ ಮಗಳ ಕಥೆಯನ್ನು ಬಲ್ಲವರು ಕಡಿಮೆಯೇ. ಗಡೀಪಾರಾದ ಅರಸನು ಕಾಶಿಯಲ್ಲಿದ್ದಾಗ 1841ರಲ್ಲಿ ಹುಟ್ಟಿದವಳು ಗೌರಮ್ಮ. ಯುದ್ಧವು ಅವಳ ಜನನಕ್ಕೆ ಮೊದಲೇ ಅವಳ ತವರನ್ನು ಕಸಿದುಕೊಂಡಿತ್ತು.

ಕಂಪನಿಯ ವಶದಲ್ಲಿದ್ದ ತನ್ನ ಹಣಕ್ಕಾಗಿ ವ್ಯಾಜ್ಯ ಹೂಡಲು ಅರಸನು 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದನು. ಅದೇ ವರ್ಷ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರು ಬಾಲಕಿಗೆ ಜ್ಞಾನಸ್ನಾನ ನೀಡಿದರು. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ತನ್ನ ಹೆಸರನ್ನು ಕೊಟ್ಟಳು. ಲಿಂಗಾಯತ ಅರಸನು ಮಗಳ ಮತಾಂತರಕ್ಕೆ ಸಮ್ಮತಿಸಿದ್ದರ ಹಿಂದೆ ರಾಣಿಯ ಕೃಪೆಯ ನಿರೀಕ್ಷೆಯೂ ಇದ್ದಿತೆಂದು ಭಾವಿಸಲು ಕಾರಣವಿದೆ. ಸಂಸ್ಕಾರವೊಂದು ರಾಜಕೀಯದ ನಂಟಿನಿಂದ ನಡೆದುದು ನಮಗೆ ಹಿತವೆನಿಸುವುದಿಲ್ಲ. ಆದರೆ ಆ ಎಳೆಯ ಹೃದಯದ ವಿಶ್ವಾಸವನ್ನು ಅಳೆಯಲು ನಾವಾರು?

ಮಗಳನ್ನು ಇಂಗ್ಲಿಷ್ ಪೋಷಕರ ಮನೆಯಲ್ಲಿ ಇರಿಸಲಾಯಿತು. ಹಳೆಯ ಪರಿವಾರದ ಪ್ರಭಾವ ತಾಗಬಾರದೆಂದು ತಂದೆಯ ಭೇಟಿಗೂ ಕಡಿವಾಣ ಬಿದ್ದಿತು. ರಾಣಿಯು ಅಕ್ಕರೆಯಿಂದಲೇ ಕಂಡಳು. ಪ್ರಸಿದ್ಧ ಚಿತ್ರಕಾರ ವಿಂಟರ್‌ಹಾಲ್ಟರ್‌ನಿಂದ ಅವಳ ಚಿತ್ರವನ್ನೂ ಬರೆಯಿಸಿದಳು. ಆದರೆ ಅಕ್ಕರೆಯ ಜೊತೆಗೆ ಯೋಜನೆಯೂ ಇತ್ತು. ಪಂಜಾಬನ್ನು ಕಳೆದುಕೊಂಡು, 1853ರಲ್ಲಿ ಕ್ರೈಸ್ತನಾದ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂಬುದು ರಾಣಿಯ ಬಯಕೆ. ರಾಜ್ಯ ಕಳೆದುಕೊಂಡ ಎರಡು ಮನೆತನಗಳ ಕುಡಿಗಳನ್ನು ಬೆಸೆಯುವ ಈ ಪ್ರಯತ್ನಕ್ಕೆ ದುಲೀಪನು ಒಪ್ಪಲಿಲ್ಲ.

1859ರಲ್ಲಿ ತಂದೆ ಲಂಡನ್ನಿನಲ್ಲಿ ತೀರಿಕೊಂಡನು. ಮರುವರ್ಷ ಅವನ ವ್ಯಾಜ್ಯವೂ ಬಿದ್ದುಹೋಯಿತು. ಅದೇ 1860ರಲ್ಲಿ ಗೌರಮ್ಮ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ವರಿಸಿದಳು. ಅವನು ಅವಳ ಪೋಷಕಿ ಲೇಡಿ ಲಾಗಿನ್‌ರ ಸಹೋದರ. ತಂದೆಯ ಪ್ರಾಯದ ವಿಧುರ. ತಂದೆಯ ರಾಜ್ಯವನ್ನು ಅಳಿಸಿದ ಕಂಪನಿಯ ಸೇನೆಯಲ್ಲಿಯೇ ಸೇವೆ ಸಲ್ಲಿಸಿದವನು! ಇದು ಒಲವಿನ ಮದುವೆಯೋ, ನೆಲೆಯೊಂದು ಬೇಕೆಂಬ ಹಂಬಲವೋ, ನಾವು ತೀರ್ಪು ಹೇಳಲಾರೆವು. ಅರಮನೆಯ ಅತಿಥಿಯಾಗಿ ಬೆಳೆದವಳಿಗೆ ಕಡೆಗೂ ತನ್ನದೇ ಆದ ಮನೆ ದೊರೆಯಿತು.

1861ರಲ್ಲಿ ಹೆಣ್ಣುಮಗು ಹುಟ್ಟಿತು. ಅದಕ್ಕೆ ಈಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಹೊಸ ನಾಡಿನ ಹೆಸರುಗಳ ಬೆನ್ನಿಗೆ ಹಳೆಯ ಹೆಸರೂ ಉಳಿಯಿತು. ಆದರೆ ಮಗಳನ್ನು ಸಾಕುವ ಭಾಗ್ಯ ತಾಯಿಗೆ ಮೂರು ವರ್ಷವೂ ದಕ್ಕಲಿಲ್ಲ. ಕ್ಷಯರೋಗಕ್ಕೆ ತುತ್ತಾಗಿ 1864ರ ಮಾರ್ಚ್ 30ರಂದು, 22ರ ಹರೆಯದಲ್ಲಿ, ಗೌರಮ್ಮ ಕಣ್ಮುಚ್ಚಿದಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಕ್ಯಾಂಪ್‌ಬೆಲ್ ಅವಳ ಒಡವೆಗಳೊಂದಿಗೆ ಕಣ್ಮರೆಯಾದನೆಂಬ ಮಾತು ಬಹುಕಾಲ ಹಬ್ಬಿತ್ತು. ಈಡಿತ್ ಬೆಳೆದು ಮದುವೆಯಾದಳು. ಹಾಲೇರಿ ವಂಶದ ಆ ಕವಲು ಆಕೆಯ ಮೂಲಕ ಪರನಾಡಿನಲ್ಲಿ ಮುಂದುವರಿಯಿತು.