ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್

ಮದ್ದೂರು, ಮಳವಳ್ಳಿ ಕಡೆಯ ರೋಗಿಯೊಬ್ಬರಿಗೆ ಮಂಡ್ಯದಲ್ಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ದೊಡ್ಡ ಆಪರೇಷನ್ ಎಂದು ನಿಶ್ಚಯವಾದರೆ ಮನೆಯವರು ಮೊದಲು ಓಡುವುದು ರಕ್ತಕ್ಕಾಗಿ. ಗುಂಪು ಹೊಂದಿದರೆ ಸಾಕು, ಜೀವ ಉಳಿಯಿತು ಎಂದು ನಿಟ್ಟುಸಿರು ಬಿಡುತ್ತೇವೆ. ಈ ಗುಂಪುಗಳನ್ನು ಜಗತ್ತಿಗೆ ತೋರಿಸಿಕೊಟ್ಟ ಮಹನೀಯರ ಜೀವನವನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು.

ಕಾರ್ಲ್ ಲ್ಯಾಂಡ್‌ಸ್ಟೈನರ್ 1868ರ ಜೂನ್ 14ರಂದು ಆಸ್ಟ್ರಿಯಾ ದೇಶದಲ್ಲಿ ಜನಿಸಿದರು. ತಂದೆ ಹೆಸರಾಂತ ಪತ್ರಕರ್ತರು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಾಯಿಯೇ ಸಾಕಿ ಓದಿಸಿದರು. 1891ರಲ್ಲಿ ವಿಯೆನ್ನಾದಲ್ಲಿ ವೈದ್ಯಕೀಯ ಪದವಿ ಪಡೆದ ಕಾರ್ಲ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿಗೆ ಹೋಗಿ ರಸಾಯನಶಾಸ್ತ್ರ ಕಲಿತರು.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ಕೊಟ್ಟರೆ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತಮ್ಮ ಹಾಗೂ ಸಹೋದ್ಯೋಗಿಗಳ ರಕ್ತವನ್ನೇ ತೆಗೆದು, ಒಬ್ಬರ ಸೀರಂಗೆ ಮತ್ತೊಬ್ಬರ ಕೆಂಪು ಕಣಗಳನ್ನು ಬೆರೆಸಿ ನೋಡಿದರು. ಕೆಲವು ಕಡೆ ಕಣಗಳು ಗಂಟುಕಟ್ಟಿದವು, ಕೆಲವು ಕಡೆ ಇಲ್ಲ. 1901ರಲ್ಲಿ ಅವರು ಮಾನವ ರಕ್ತದಲ್ಲಿ ಮೂರು ಗುಂಪುಗಳಿವೆಯೆಂದು ಪ್ರಕಟಿಸಿದರು. ಅವೇ ಇಂದಿನ ಎ, ಬಿ ಮತ್ತು ಓ. ಮರುವರ್ಷ ಅವರ ಸಹೋದ್ಯೋಗಿಗಳು ಎಬಿ ಗುಂಪನ್ನು ಕಂಡುಹಿಡಿದರು.

ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಬಡತನ ಆವರಿಸಿತು. ಸಂಸಾರ ಸಮೇತ ಹಾಲೆಂಡಿಗೆ, ಅಲ್ಲಿಂದ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ತೆರಳಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆಗಲೂ ಕೆಲಸ ನಿಲ್ಲಿಸದೆ 1940ರಲ್ಲಿ ಅಲೆಕ್ಸಾಂಡರ್ ವೀನರ್ ಅವರೊಡನೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ನಮ್ಮ ರಕ್ತದ ಗುಂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುವುದು ಇದರಿಂದಲೇ.

ಪತ್ನಿ ಹೆಲೆನ್ ಥೈರಾಯ್ಡ್ ಕ್ಯಾನ್ಸರಿನಿಂದ ನರಳುತ್ತಿದ್ದರು. ಆದ್ದರಿಂದ ಕೊನೆಯ ವರ್ಷಗಳಲ್ಲಿ ಅವರ ಗಮನ ಕ್ಯಾನ್ಸರಿನ ಕಡೆಗೂ ಹರಿಯಿತು. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿರುವಾಗಲೇ ಹೃದಯಾಘಾತವಾಗಿ, ಎರಡು ದಿನಗಳ ನಂತರ, 26ರಂದು, ನಿಧನರಾದರು.

ರಕ್ತ ಮತ್ತು ಕ್ಯಾನ್ಸರ್ ಎರಡೂ ಒಂದೇ ಪ್ರಶ್ನೆಯಲ್ಲಿ ಕೂಡಿದ್ದು ಅವರ ಕಾಲದ ನಂತರ. ಗುಂಪು ಹೊಂದಿದರೂ ಪರರ ರಕ್ತ ಪೂರ್ತಿಯಾಗಿ ನಮ್ಮದಾಗುವುದಿಲ್ಲ. ರಕ್ತ ಪಡೆದವರ ದೇಹ ಕಸಿ ಮಾಡಿದ ಮೂತ್ರಪಿಂಡವನ್ನು ಅಷ್ಟಾಗಿ ತಿರಸ್ಕರಿಸುವುದಿಲ್ಲವೆಂದು 1973ರಲ್ಲಿ ತಿಳಿಯಿತು. ಅಂದರೆ ಪರರ ರಕ್ತ ನಮ್ಮ ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತದೆ. ಹಾಗಾದರೆ ಆಪರೇಷನ್ ನಂತರ ಉಳಿದ ಕ್ಯಾನ್ಸರ್ ಕಣಗಳಿಗೆ ಇದರಿಂದ ಅನುಕೂಲವಾದೀತೇ ಎಂಬ ಸಂಶಯ 1981ರಲ್ಲಿ ಎದ್ದಿತು.

ಕರುಳಿನ ಕ್ಯಾನ್ಸರ್ ಮೊದಲಾದವುಗಳಲ್ಲಿ ರಕ್ತ ಪಡೆದವರಿಗೆ ರೋಗ ಮರುಕಳಿಸಿದ್ದು ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿದವು. ಆದರೆ ರಕ್ತ ಬೇಕಾಗುವುದು ಗಡ್ಡೆ ದೊಡ್ಡದಿದ್ದು, ರಕ್ತಸ್ರಾವ ಹೆಚ್ಚಾದವರಿಗೇ. ದೋಷ ರಕ್ತದ್ದೋ, ರೋಗದ್ದೋ? 1993ರಲ್ಲಿ ಪ್ರಕಟವಾದ ಹಾಲೆಂಡಿನ ಅಧ್ಯಯನದಲ್ಲಿ, ತಮ್ಮದೇ ರಕ್ತ ಪಡೆದವರಿಗೂ ಪರರ ರಕ್ತ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಶ್ನೆ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಆದ್ದರಿಂದ ವೈದ್ಯರು ಆಪರೇಷನ್‌ಗೆ ಮೊದಲೇ ಕಬ್ಬಿಣಾಂಶ ಕೊಟ್ಟು ರಕ್ತಹೀನತೆ ಸರಿಪಡಿಸಲು, ಅಗತ್ಯವಿದ್ದಷ್ಟೇ ರಕ್ತ ಕೊಡಲು ಯತ್ನಿಸುತ್ತಾರೆ. ಶಕ್ತಿ ಬರಲೆಂದು ಒಂದು ಬಾಟಲಿ ಹಾಕಿಸಿ ಎಂದು ಮನೆಯವರು ಒತ್ತಾಯಿಸಬಾರದು. ಹಾಗೆಯೇ ವೈದ್ಯರು ಬೇಕೇ ಬೇಕು ಎಂದಾಗ ಹೆದರಿ ಬೇಡವೆನ್ನಲೂ ಬಾರದು. ಆ ಹೊತ್ತಿನಲ್ಲಿ ರಕ್ತವಿಲ್ಲದಿರುವುದೇ ದೊಡ್ಡ ಅಪಾಯ.

ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14 ಇಂದು ವಿಶ್ವ ರಕ್ತದಾನಿಗಳ ದಿನ. ಎಲ್ಲರ ರಕ್ತವೂ ಒಂದೇ ಎಂದು ನಂಬಿ ಕೂರದೆ ಪರೀಕ್ಷಿಸಿ ನೋಡಿದ್ದೇ ಅವರ ದೊಡ್ಡತನ. ವಿದ್ಯಾರ್ಥಿಗಳೇ, ಹದಿನೆಂಟು ತುಂಬಿ ಆರೋಗ್ಯವಂತರಾಗಿದ್ದರೆ ರಕ್ತದಾನ ಮಾಡಿರಿ. ಜೊತೆಗೆ ಪ್ರಶ್ನೆ ಕೇಳುವ ಅವರ ಗುಣವನ್ನೂ ಬೆಳೆಸಿಕೊಳ್ಳಿರಿ.