ಶಸ್ತ್ರವೈದ್ಯ ಅಲ್ ಝಹ್ರಾವಿ

ಅಬುಲ್ ಖಾಸಿಂ ಅಲ್ ಝಹ್ರಾವಿ ಸ್ಪೇನ್ ದೇಶದ ಕಾರ್ಡೋಬಾ ಬಳಿಯ ಮದೀನತುಜ್ ಝಹ್ರಾ ಎಂಬ ಊರಿನವರು. ಖಲೀಫ ಮೂರನೇ ಅಬ್ದುರ್ರಹಮಾನ್ 936ರಲ್ಲಿ ಈ ಊರನ್ನು ಕಟ್ಟಿಸಲು ಆರಂಭಿಸಿದರು. ಊರಿನ ಹೆಸರೇ ವೈದ್ಯರ ಹೆಸರಿಗೂ ಸೇರಿತು.

ಅವರು ಸುಮಾರು ಐವತ್ತು ವರ್ಷ ರೋಗಿಗಳನ್ನು ನೋಡಿದರು. ಆ ಅನುಭವವನ್ನೆಲ್ಲ ಸುಮಾರು 1000ನೇ ಇಸವಿಯ ಹೊತ್ತಿಗೆ 'ಅತ್ತಸ್ರೀಫ್' ಎಂಬ 30 ಭಾಗಗಳ ಅರಬ್ಬಿ ಗ್ರಂಥದಲ್ಲಿ ಬರೆದಿಟ್ಟರು. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ.

ಆ ಭಾಗದ ಮುನ್ನುಡಿಯಲ್ಲಿ ತಾವು ಕಂಡ ಒಂದು ಘಟನೆಯನ್ನು ಅವರು ಹೇಳುತ್ತಾರೆ. ಒಬ್ಬ ಹೆಂಗಸಿನ ಕತ್ತಿನಲ್ಲಿ ಗಡ್ಡೆಯಿತ್ತು. ಸರಿಯಾಗಿ ತಿಳಿಯದ ವೈದ್ಯನೊಬ್ಬ ಅದನ್ನು ಕೊಯ್ಯಲು ಹೋಗಿ ಕತ್ತಿನ ರಕ್ತನಾಳಗಳನ್ನೇ ಕತ್ತರಿಸಿದ. ರಕ್ತ ಹರಿದು ಆಕೆ ಅವನ ಕಣ್ಣೆದುರೇ ತೀರಿಕೊಂಡಳು. ದೇಹದ ರಚನೆ ಕಲಿಯದವನು ಚಾಕು ಹಿಡಿಯಬಾರದು ಎಂಬುದು ಝಹ್ರಾವಿಯವರ ಪಾಠ. ಕ್ಷೇಮವಾದ ಶಸ್ತ್ರಚಿಕಿತ್ಸೆ ಯಾವುದು, ಅಪಾಯದ್ದು ಯಾವುದು ಎಂದು ಅವರು ಬೇರೆಬೇರೆಯಾಗಿ ತಿಳಿಸಿದರು. ರಕ್ತ ನಿಲ್ಲಿಸಲು ನಾಳವನ್ನು ದಾರದಿಂದ ಕಟ್ಟುವ ವಿಧಾನವನ್ನೂ ವಿವರಿಸಿದರು.

ಈ ಎಚ್ಚರ ಇಂದಿಗೂ ಬೇಕು. ಕತ್ತಿನ ಎರಡೂ ಬದಿಯ ರಕ್ತನಾಳಗಳು ಮೆದುಳಿಗೆ ರಕ್ತ ಒಯ್ಯುತ್ತವೆ. ಒಳಗೆ ಕೊಬ್ಬು ಕಟ್ಟಿ ಅವು ಕಿರಿದಾದರೆ ಲಕ್ವ ಹೊಡೆಯಬಹುದು. ಅಮೆರಿಕದ ಮೈಕೆಲ್ ಡಿಬೇಕಿ 1953ರಲ್ಲಿ ಇಂಥ ನಾಳವನ್ನು ತೆರೆದು ಸ್ವಚ್ಛಗೊಳಿಸಿದರು. ಈಗ ಸ್ಟೆಂಟ್ ಹಾಕುವುದೂ ಉಂಟು. ಆದರೆ ಎರಡರಲ್ಲೂ ಕೊಬ್ಬಿನ ಚೂರು ಕಳಚಿ ಮೆದುಳಿಗೆ ಹೋಗುವ ಭಯವಿದೆ. ಲಕ್ವ ತಡೆಯಲು ಮಾಡಿದ ಚಿಕಿತ್ಸೆಯಿಂದಲೇ ಲಕ್ವ ಬರಬಹುದು. ಅದಕ್ಕೆ ಸ್ಟೆಂಟ್ ಹಾಕುವಾಗ ಚೂರು ಹಿಡಿಯುವ ಸಣ್ಣ ಜರಡಿಯನ್ನು ಬಳಸುತ್ತಾರೆ. ಆಪರೇಷನ್ನಿನಿಂದ ಲಕ್ವ ಅಥವಾ ಸಾವು ಆಗುವುದು, ಮೊದಲೇ ಲಕ್ಷಣ ಕಂಡವರಲ್ಲಿ 100ಕ್ಕೆ 6ಕ್ಕಿಂತ, ಲಕ್ಷಣ ಇಲ್ಲದವರಲ್ಲಿ 3ಕ್ಕಿಂತ ಕಡಿಮೆ ಇರಬೇಕೆಂದು ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ನಾಳ ಸ್ವಲ್ಪವೇ ಕಿರಿದಾಗಿದ್ದರೆ ಮಾತ್ರೆ, ಬಿಪಿ ಮತ್ತು ಶುಗರ್ ಹತೋಟಿ, ಬೀಡಿ ಸಿಗರೇಟು ಬಿಡುವುದು ಸಾಕಾಗಬಹುದು.

ನಮ್ಮ ಸತ್ಯನಾರಾಯಣಪೇಟೆಯ ಯಾವುದೇ ಮನೆಯಲ್ಲಿ ಹಿರಿಯರಿಗೆ ಈ ಆಪರೇಷನ್ ಹೇಳಿದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬೇಕು: ನಾಳ ಎಷ್ಟು ಮುಚ್ಚಿದೆ? ಮಾಡಿಸಿದರೆ ಅಪಾಯ ಎಷ್ಟು? ಮಾಡಿಸದಿದ್ದರೆ ಎಷ್ಟು? ಹೀಗೆ ಕೇಳುವುದು ವೈದ್ಯರಿಗೆ ಅಗೌರವವಲ್ಲ. ಲಾಭ ನಷ್ಟ ಎರಡನ್ನೂ ನೋಡದೆ ಲೆಕ್ಕ ಮುಗಿಯದು ಎಂಬುದು ಕಾಮರ್ಸ್ ಓದುವ ನಮಗೆ ಗೊತ್ತೇ ಇದೆ.

ಝಹ್ರಾವಿ ಸುಮಾರು 1013ರಲ್ಲಿ ನಿಧನರಾದರು. ಅವರ ಊರು ಆಗಿನ ಅಂತರ್ಯುದ್ಧದಲ್ಲಿ ಹಾಳಾಯಿತು. ಅವರ ಶಸ್ತ್ರಚಿಕಿತ್ಸೆಯ ಭಾಗ ಮಾತ್ರ 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಅನುವಾದವಾಗಿ, ಯೂರೋಪಿನ ವೈದ್ಯರಿಗೆ ನೂರಾರು ವರ್ಷ ಪಾಠವಾಯಿತು.